ರೀಜನರೇಷನ್‌ಗೆ ಎಷ್ಟು ಡೀಸೆಲ್? ಲಾರಿ ಮಾಲೀಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಬಳಿ ಒಂದೇ ಮಾದರಿಯ, ಒಂದೇ ವರ್ಷ ಕೊಂಡ ಎರಡು ಬಿಎಸ್6 ಲಾರಿಗಳಿವೆ. ಎರಡೂ ಆರು ಚಕ್ರದವು. ಮಂಗಳೂರು–ಬೆಂಗಳೂರು ಲೈನ್‌ನಲ್ಲಿ ಓಡುವ ಲಾರಿ ಲೀಟರಿಗೆ 5.5 ಕಿ.ಮೀ. ಕೊಡುತ್ತದೆ. ಬೆಂಗಳೂರಿನೊಳಗೆ ಗೋದಾಮಿನಿಂದ ಅಂಗಡಿಗಳಿಗೆ ಸರಕು ಹಾಕುವ ಇನ್ನೊಂದು ಲಾರಿ 4.2 ದಾಟುವುದಿಲ್ಲ. ಇದರಲ್ಲಿ ಸುಮಾರು 120 ಕಿ.ಮೀ.ಗೊಮ್ಮೆ ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ದೀಪ ಹೊತ್ತಿಕೊಳ್ಳುತ್ತದೆ. ಅರ್ಧ ಗಂಟೆ ನಿಲ್ಲಿಸಿ ರೀಜನರೇಷನ್ (ಆ ಮಸಿಯನ್ನು ಸುಟ್ಟು ಫಿಲ್ಟರ್ ಚೊಕ್ಕ ಮಾಡುವ ಕೆಲಸ) ಮಾಡಬೇಕು. ಡೀಸೆಲ್ಲನ್ನೆಲ್ಲ ಫಿಲ್ಟರೇ ಕುಡಿಯುತ್ತಿದೆ ಎಂಬುದು ಚಾಲಕನ ವಾದ. ತೆಗೆಸಿಬಿಡಿ ಎಂಬುದು ಗ್ಯಾರೇಜಿನವರ ಸಲಹೆ. ನಿಜಕ್ಕೂ ಎಷ್ಟು ಡೀಸೆಲ್ ಹೋಗುತ್ತದೆ? ನಾನೇನು ಮಾಡಲಿ?
— ಲಾರಿ ಮಾಲೀಕರು, ಹಾಸನ

ಉತ್ತರ: ನಿಮ್ಮ ಚಾಲಕನ ಮಾತಿನಲ್ಲಿ ಮೂರನೆಯ ಒಂದು ಭಾಗದಷ್ಟು ಸತ್ಯವಿದೆ. ನೀವು ಕೊಟ್ಟಿರುವ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ ಅದು ಸ್ಪಷ್ಟವಾಗುತ್ತದೆ. ಆದರೆ ಅದಕ್ಕೆ ಮೊದಲು ಆ ಡೀಸೆಲ್ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ನೋಡಬೇಕು.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್6 ನಿಯಮವು ಭಾರಿ ವಾಹನಗಳ ಹೊಗೆಯಲ್ಲಿರುವ ಕಣಗಳ ತೂಕಕ್ಕೆ ಬಿಗಿಯಾದ ಮಿತಿ ಹಾಕಿದ್ದಲ್ಲದೆ, ಕಣಗಳ ಸಂಖ್ಯೆಗೂ ಮೊದಲ ಬಾರಿಗೆ ಮಿತಿ ತಂದಿತು. ಆ ಸಂಖ್ಯೆಯ ಮಿತಿಯನ್ನು ಫಿಲ್ಟರ್ ಇಲ್ಲದೆ ಮುಟ್ಟುವುದು ಡೀಸೆಲ್ ಎಂಜಿನ್‌ಗೆ ಹೆಚ್ಚುಕಡಿಮೆ ಅಸಾಧ್ಯ. ಹೀಗಾಗಿ ಸೈಲೆನ್ಸರ್ ಇರುತ್ತಿದ್ದ ಜಾಗದಲ್ಲಿ ಈಗ ಸಾಲಾಗಿ ಮೂರು ಭಾಗಗಳಿವೆ: ಮೊದಲು ಆಕ್ಸಿಡೇಷನ್ ಕ್ಯಾಟಲಿಸ್ಟ್, ನಂತರ ಡಿಪಿಎಫ್, ಕೊನೆಗೆ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸಲು ಯೂರಿಯಾ ದ್ರವ ಸಿಂಪಡಿಸುವ ಎಸ್‌ಸಿಆರ್. ಡಿಪಿಎಫ್ ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ಕೊಳವೆಗಳಿದ್ದು, ಒಂದರ ಹಿಂಬದಿ ಮುಚ್ಚಿದ್ದರೆ ಪಕ್ಕದ್ದರ ಮುಂಬದಿ ಮುಚ್ಚಿರುತ್ತದೆ. ಹೊಗೆ ಹೊರಗೆ ಹೋಗಬೇಕಾದರೆ ಆ ಪಿಂಗಾಣಿ ಗೋಡೆಯನ್ನು ಹಾದೇ ಹೋಗಬೇಕು. ಮಸಿ ಗೋಡೆಯ ಮೇಲೆ ಉಳಿಯುತ್ತದೆ.

ಉಳಿದ ಮಸಿ ಎರಡು ರೀತಿಯಲ್ಲಿ ಸುಡುತ್ತದೆ. ಹೊಗೆಯ ಬಿಸಿ 250ರಿಂದ 400 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಫಿಲ್ಟರ್‌ಗೆ ಮೊದಲಿರುವ ಆಕ್ಸಿಡೇಷನ್ ಕ್ಯಾಟಲಿಸ್ಟ್‌ನಲ್ಲಿ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ನಿಧಾನವಾಗಿ, ಓಡುತ್ತಿರುವಾಗಲೇ, ಸದ್ದಿಲ್ಲದೆ ಸುಡುತ್ತಿರುತ್ತದೆ. ಇದಕ್ಕೆ ಪ್ರತ್ಯೇಕ ಡೀಸೆಲ್ ಬೇಕಿಲ್ಲ. ಲೋಡ್ ಹೊತ್ತು ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುವ ನಿಮ್ಮ ಮೊದಲ ಲಾರಿಗೆ ಈ ಭಾಗ್ಯವಿದೆ. ಎಂಜಿನ್ ತಾಸುಗಟ್ಟಲೆ ಕಷ್ಟಪಡುವುದರಿಂದ ಫಿಲ್ಟರ್ ತನ್ನಷ್ಟಕ್ಕೆ ತಾನೇ ಚೊಕ್ಕವಾಗುತ್ತದೆ. ಇಳಿಜಾರಿನಲ್ಲಿ ಹಾಗಲ್ಲ, ಎಕ್ಸಾಸ್ಟ್ ಬ್ರೇಕ್ ಹಿಡಿದು ಇಳಿಯುವಾಗ ಎಂಜಿನ್‌ಗೆ ಡೀಸೆಲ್ಲೇ ಹೋಗದ ಕಾರಣ ಎಲ್ಲವೂ ತಣ್ಣಗಾಗುತ್ತದೆ. ಆದರೂ ಹೋಗಿ ಬರುವ ಒಟ್ಟು ಲೆಕ್ಕದಲ್ಲಿ ಆ ಲೈನ್ ಫಿಲ್ಟರ್‌ಗೆ ಒಳ್ಳೆಯದೇ.

ನಗರದ ಲಾರಿಯಲ್ಲಿ ಹೊಗೆ ಆ ಬಿಸಿಯನ್ನು ತಲುಪುವುದೇ ಅಪರೂಪ. ಮಸಿ ತುಂಬುತ್ತಾ ಬಂದಾಗ ಕಂಪ್ಯೂಟರ್ ಎರಡನೆಯ ದಾರಿ ಹಿಡಿಯುತ್ತದೆ: ಹೆಚ್ಚುವರಿ ಡೀಸೆಲ್ಲನ್ನು ಹೊಗೆಯೊಳಗೆ ಬಿಟ್ಟು, ಅದನ್ನು ಕ್ಯಾಟಲಿಸ್ಟ್‌ನಲ್ಲಿ ಸುಟ್ಟು, ಫಿಲ್ಟರ್‌ಗೆ ಬರುವ ಹೊಗೆಯನ್ನು 550ರಿಂದ 600 ಡಿಗ್ರಿಗೆ ಏರಿಸುತ್ತದೆ. ಆ ಬಿಸಿಯಲ್ಲಿ ಮಸಿ ಆಮ್ಲಜನಕದ ಜೊತೆ ನೇರವಾಗಿ ಉರಿಯುತ್ತದೆ. ನೀವು ಬಟನ್ ಒತ್ತಿ ಮಾಡಿಸುವುದು ಇದನ್ನೇ. ಹೆದ್ದಾರಿಯ ಲಾರಿಯಲ್ಲಿಯೂ ಇದು ನಡೆಯುತ್ತದೆ, ಓಡುತ್ತಿರುವಾಗಲೇ ಆಗುವುದರಿಂದ ಚಾಲಕನ ಗಮನಕ್ಕೆ ಬರುವುದಿಲ್ಲ.

ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವ ಸಂಗತಿಯೊಂದಿದೆ. ಡೀಸೆಲ್ ಖರ್ಚಾಗುವುದು ಮಸಿಯನ್ನು ಸುಡುವುದಕ್ಕೆ ಎಂದು ಭಾವಿಸುತ್ತೇವೆ. ನಿಮ್ಮ ಲಾರಿಯ ಗಾತ್ರದ ಫಿಲ್ಟರ್‌ನಲ್ಲಿ ದೀಪ ಹೊತ್ತುವ ಹೊತ್ತಿಗೆ ಇರುವ ಮಸಿ ಸುಮಾರು 50 ಗ್ರಾಂ ಮಾತ್ರ, ಮತ್ತು ಅದು ಒಮ್ಮೆ ಹೊತ್ತಿಕೊಂಡರೆ ತಾನೇ ಶಾಖ ಕೊಡುತ್ತದೆ. ಖರ್ಚಿರುವುದು ಫಿಲ್ಟರ್ ಮೂಲಕ ಎಡೆಬಿಡದೆ ಹಾದು ಹೊರಹೋಗುವ ಅಷ್ಟೂ ಹೊಗೆಯನ್ನು ಬಿಸಿಯಾಗಿ ಇಡುವುದಕ್ಕೆ. ತಳದಲ್ಲಿ ನಲ್ಲಿ ಬಿಟ್ಟುಕೊಂಡೇ ಹಂಡೆಯ ನೀರು ಕಾಯಿಸಿದ ಹಾಗೆ. ಐದಾರು ಲೀಟರ್ ಸಾಮರ್ಥ್ಯದ ಎಂಜಿನ್ ನಿಂತಲ್ಲೇ 1,200 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ, ಅದರ ಹೊಗೆಯನ್ನು ಅರ್ಧ ಗಂಟೆ 580 ಡಿಗ್ರಿಯಲ್ಲಿ ಇಡಲು ಸುಮಾರು 40 ಮೆಗಾಜೌಲ್ ಶಾಖ ಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿರುವುದು ಸುಮಾರು 36 ಮೆಗಾಜೌಲ್. ಅಂದರೆ ಬಿಸಿ ಮಾಡಲು ಒಂದು ಲೀಟರಿಗೆ ತುಸು ಹೆಚ್ಚು, ಅಷ್ಟು ಹೊತ್ತು ಎಂಜಿನ್ ತಿರುಗಲು ಇನ್ನೊಂದೂವರೆ ಲೀಟರ್. ಒಟ್ಟು ಎರಡೂವರೆಯಿಂದ ಮೂರು ಲೀಟರ್.

ಈಗ ನಿಮ್ಮ ಅಂಕಿಗೆ ಬರೋಣ. 4.2ರ ಲೆಕ್ಕದಲ್ಲಿ 120 ಕಿ.ಮೀ.ಗೆ ನಗರದ ಲಾರಿಗೆ ಸುಮಾರು 28.5 ಲೀಟರ್ ಬೇಕು. ಅದರಲ್ಲಿ ರೀಜನರೇಷನ್‌ನ ಪಾಲನ್ನು 2.7 ಲೀಟರ್ ಎಂದು ಹಿಡಿದು ಪೂರ್ತಿ ಕಳೆದರೂ ಮೈಲೇಜ್ ಏರುವುದು 4.6ಕ್ಕೆ. ಎರಡು ಲಾರಿಗಳ ನಡುವಿನ ಅಂತರ 1.3 ಕಿ.ಮೀ.; ಫಿಲ್ಟರ್‌ನ ತಲೆಗೆ ಕಟ್ಟಬಹುದಾದದ್ದು ಅದರಲ್ಲಿ 400 ಮೀಟರ್. ಉಳಿದದ್ದು ಸಿಗ್ನಲ್, ಮೊದಲನೇ–ಎರಡನೇ ಗಿಯರ್‌ನ ಓಡಾಟ ಮತ್ತು ನಿಂತಲ್ಲೇ ಎಂಜಿನ್ ಉರಿಸುವುದಕ್ಕೆ ಸೇರಿದ್ದು. ಹೆದ್ದಾರಿಯ ಲಾರಿಯಲ್ಲಿ ಓಡುವಾಗಲೇ ನಡೆಯುವ ಇಪ್ಪತ್ತು ನಿಮಿಷದ ರೀಜನರೇಷನ್‌ಗೆ ಹೆಚ್ಚುವರಿಯಾಗಿ ಬೇಕಾಗುವುದು ಒಂದೂಕಾಲು ಲೀಟರಿನ ಆಸುಪಾಸು. ಅದು 500 ಕಿ.ಮೀ.ಗೊಮ್ಮೆ ನಡೆದರೆ ಶೇ 1.5ಕ್ಕಿಂತ ಕಡಿಮೆ, ಟೈರಿನ ಗಾಳಿ ಸರಿಯಿಲ್ಲದಿದ್ದರೆ ಅದಕ್ಕಿಂತ ಹೆಚ್ಚು ಹೋದೀತು. ಹಾಗಾಗಿ ಒಂದು ರೀಜನರೇಷನ್‌ಗೆ ಎಷ್ಟು ಲೀಟರ್ ಎಂಬುದಕ್ಕಿಂತ, ಎಷ್ಟು ಕಿ.ಮೀ.ಗೊಮ್ಮೆ ಎಂಬ ಪ್ರಶ್ನೆಯೇ ನಿಮ್ಮ ಜೇಬಿಗೆ ಮುಖ್ಯ.

ನಗರದ ಓಡಾಟ ಎಂದುಕೊಂಡರೂ 120 ಕಿ.ಮೀ. ನನಗೆ ಬಹಳ ಕಡಿಮೆ ಎನಿಸುತ್ತದೆ. ಇದಕ್ಕೆ ಕಾರಣಗಳನ್ನು ಹೀಗೆ ಹುಡುಕಬೇಕು. ಮೊದಲನೆಯದಾಗಿ, ಶುರುವಾದ ರೀಜನರೇಷನ್ ಪೂರ್ತಿಯಾಗುತ್ತಿದೆಯೇ ಎಂದು ಚಾಲಕನನ್ನು ಕೇಳಿ. ಮೊದಲ ಐದು-ಹತ್ತು ನಿಮಿಷ ಬರೀ ಬಿಸಿ ಏರಿಸುವುದಕ್ಕೇ ಹೋಗುತ್ತದೆ, ಮಸಿ ಸುಡುವುದು ಆಮೇಲೆ. ಅಂಗಡಿಯವರು ಅವಸರ ಮಾಡಿದರೆಂದು ಹದಿನೈದನೇ ನಿಮಿಷಕ್ಕೆ ಆಫ್ ಮಾಡಿದರೆ, ಡೀಸೆಲ್‌ನ ಅರ್ಧದಷ್ಟು ಖರ್ಚಾಗಿಯೂ ಮಸಿಯ ಬಹುಭಾಗ ಉಳಿದು, ಮರುದಿನ ಮತ್ತೆ ದೀಪ ಹೊತ್ತುತ್ತದೆ.

ಎರಡನೆಯದು, ಎಂಜಿನ್ ಅತಿಯಾಗಿ ಮಸಿ ಉಗುಳುತ್ತಿರಬಹುದು. ಹಳೆಯ ಲಾರಿಯಾಗಿದ್ದರೆ ಕಪ್ಪು ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೆಕ್ಯಾನಿಕ್ ದೂರದಿಂದಲೇ ಇಂಜೆಕ್ಟರ್ ಕೆಟ್ಟಿದೆ ಎಂದು ಹೇಳುತ್ತಿದ್ದ. ಈಗ ಫಿಲ್ಟರ್ ಆ ಹೊಗೆಯನ್ನು ಬಚ್ಚಿಡುತ್ತದೆ. ತುಂಬಿದ ಫಿಲ್ಟರ್ ಒಂದೇ ಕಾಣುವ ಲಕ್ಷಣ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ನ ಕ್ಲಿಪ್ ಸಡಿಲವಾಗಿ ಗಾಳಿ ಸೋರಿದರೆ ಮಸಿ ಹೆಚ್ಚುತ್ತದೆ; ಆ ಜಾಗದಲ್ಲಿ ಎಣ್ಣೆ ಬೆರೆತ ಧೂಳು ಕಟ್ಟಿರುತ್ತದೆ, ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಏರ್ ಫಿಲ್ಟರ್, ಸೋರುವ ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಇದ್ದರೆ ಅದರ ವಾಲ್ವ್, ಎಂಜಿನ್ ಬಿಸಿಯಾಗದಂತೆ ತೆರೆದೇ ಉಳಿದಿರುವ ಥರ್ಮೋಸ್ಟಾಟ್, ಇವನ್ನೂ ಪರೀಕ್ಷಿಸಬೇಕು.

ಮೂರನೆಯದು, ಫಿಲ್ಟರ್ ತುಂಬದೆಯೇ ತುಂಬಿದೆ ಎಂಬ ಸುಳ್ಳು ಸುದ್ದಿ ಹೋಗುತ್ತಿರಬಹುದು. ಫಿಲ್ಟರ್‌ನ ಹಿಂದುಮುಂದಿನ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್‌ಗೆ ಎರಡು ಸಣ್ಣ ಕೊಳವೆಗಳಿರುತ್ತವೆ. ಅವುಗಳಲ್ಲೊಂದು ಬಿರುಕು ಬಿಟ್ಟರೆ ಅಥವಾ ಕಟ್ಟಿಕೊಂಡರೆ ಅಳತೆ ತಪ್ಪುತ್ತದೆ. ಇನ್ನೊಂದು ಮಾತು: ಕೆಲವು ಲಾರಿಗಳಲ್ಲಿ ಎಸ್‌ಸಿಆರ್ ಭಾಗದಲ್ಲಿ ಗಟ್ಟಿಕಟ್ಟಿದ ಯೂರಿಯಾ ಹರಳುಗಳನ್ನು ಕರಗಿಸಲೂ ಕಂಪ್ಯೂಟರ್ ಇದೇ ಬಿಸಿ ಏರಿಸುವ ಕೆಲಸ ಮಾಡುತ್ತದೆ, ಆ ಲೆಕ್ಕವೂ ಚಾಲಕನ ಕಣ್ಣಿಗೆ ಡಿಪಿಎಫ್‌ನದ್ದೇ ಆಗಿ ಕಾಣುತ್ತದೆ. ಸರ್ವೀಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿಸಿ, ಈ ತನಕ ಶುರುವಾದ ರೀಜನರೇಷನ್ ಎಷ್ಟು, ಪೂರ್ಣಗೊಂಡದ್ದೆಷ್ಟು ಎಂದು ಕೇಳಿ ಬರೆಸಿಕೊಳ್ಳಿ.

ಇಷ್ಟಾದ ಮೇಲೆ ಉಳಿಯುವುದು ನಿಂತಲ್ಲೇ ಎಂಜಿನ್ ಉರಿಸುವ ಅಭ್ಯಾಸ. ಯಾರ್ಡಿನ ಸರದಿಯಲ್ಲಿ ಎಸಿ ಹಾಕಿಕೊಂಡು ಕಾಯುವ ಲಾರಿ ಗಂಟೆಗೆ ಸುಮಾರು ಒಂದೂವರೆ ಲೀಟರ್ ಸುಡುತ್ತದೆ. ದಿನಕ್ಕೆರಡು ಗಂಟೆ ಹೀಗೆ ನಿಂತರೆ ಒಂದು ರೀಜನರೇಷನ್‌ನಷ್ಟೇ ಡೀಸೆಲ್ ಹೋಯಿತು, ಮೇಲೆ ತಣ್ಣನೆಯ ಹೊಗೆಯಿಂದ ಮಸಿಯೂ ತುಂಬಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ. ಬಿಸಿಲಲ್ಲಿ ಬೇಯುವ ಚಾಲಕರಿಗೆ ಅದು ಸಲ್ಲಲೇಬೇಕಾದ ಸೌಕರ್ಯ. ಆದರೆ ಕಾಯುವ ಜಾಗದಲ್ಲಿ ನೆರಳು, ಫ್ಯಾನು ಇರುವ ಕೋಣೆಯೊಂದನ್ನು ಸರಕಿನ ಮಾಲೀಕರು ಒದಗಿಸದಿದ್ದರೆ ಅದರ ಬೆಲೆ ನಿಮ್ಮ ಡೀಸೆಲ್ ಬಿಲ್ಲಿನಲ್ಲಿ ಬರುತ್ತದೆ.

ಎರಡು ಲಾರಿಗಳಿರುವ ನಿಮಗೆ ಒಬ್ಬಂಟಿ ಮಾಲೀಕರಿಗಿಲ್ಲದ ಅನುಕೂಲವಿದೆ. ವಾರಕ್ಕೊಮ್ಮೆ ಅದಲುಬದಲು ಮಾಡಿ. ನಗರದ ಲಾರಿ ಲೋಡ್‌ನೊಂದಿಗೆ ಒಮ್ಮೆ ಘಾಟಿ ಹತ್ತಿ ಬಂದರೆ, ಬಟನ್ ಒತ್ತದೆಯೇ ಫಿಲ್ಟರ್ ಬಹುಮಟ್ಟಿಗೆ ಖಾಲಿಯಾಗುತ್ತದೆ. ಈ ಅದಲುಬದಲು ಒಳ್ಳೆಯ ಪರೀಕ್ಷೆಯೂ ಹೌದು: ಹೆದ್ದಾರಿಯಲ್ಲಿಯೂ ಅದೇ ಲಾರಿ ಬೇಗ ಬೇಗ ದೀಪ ತೋರಿಸಿದರೆ ದೋಷ ಲಾರಿಯದ್ದು, ನಗರಕ್ಕೆ ಹೋದ ಇನ್ನೊಂದು ಲಾರಿ ದೀಪ ತೋರಿಸತೊಡಗಿದರೆ ದೋಷ ಓಡಾಟದ್ದು.

ಫಿಲ್ಟರ್ ತೆಗೆಸುವ ಸಲಹೆಯನ್ನು ಒಪ್ಪಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಣೆಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ, ವಾರಂಟಿಯೂ ಹೋಗುತ್ತದೆ. ಕಾನೂನನ್ನು ಬದಿಗಿಟ್ಟು ಬರೀ ಲಾಭ ನೋಡಿದರೂ ನಿಮಗೆ ಸಿಗುವುದು ಆ 400 ಮೀಟರ್. ಇಂಜೆಕ್ಟರ್ ಸೋರುತ್ತಿದ್ದರೆ ಅದು ಸೋರುತ್ತಲೇ ಇರುತ್ತದೆ, ಅದನ್ನು ತಿಳಿಸುವ ದೀಪ ಮಾತ್ರ ಇರುವುದಿಲ್ಲ.

ಪ್ರಶ್ನೆ: ನಮ್ಮ ಅಕ್ಕಿ ಲೋಡಿನ ಗಾಡಿಯಲ್ಲಿ ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚುತ್ತಿದೆ. ಡಿಪ್‌ಸ್ಟಿಕ್ ಎಳೆದರೆ ಮೇಲಿನ ಗೆರೆ ದಾಟಿರುತ್ತದೆ. ಇದಕ್ಕೂ ಡಿಪಿಎಫ್‌ಗೂ ಸಂಬಂಧವಿದೆಯೇ?
— ಸಿಂಧನೂರಿನ ಓದುಗರು

ಉತ್ತರ: ಇರಬಹುದು. ಹೊಗೆಗೆ ಡೀಸೆಲ್ ಬಿಡುವ ವಿಧಾನ ಎರಡು. ಕೆಲವು ಎಂಜಿನ್‌ಗಳಲ್ಲಿ ಟರ್ಬೊ ದಾಟಿದ ಮೇಲೆ ಎಕ್ಸಾಸ್ಟ್ ಪೈಪಿನಲ್ಲೇ ಪ್ರತ್ಯೇಕ ಇಂಜೆಕ್ಟರ್ ಇರುತ್ತದೆ. ಉಳಿದವುಗಳಲ್ಲಿ ಸಿಲಿಂಡರ್‌ನ ಇಂಜೆಕ್ಟರೇ, ಪಿಸ್ಟನ್ ಕೆಳಗಿಳಿಯುವ ಹೊತ್ತಿನಲ್ಲಿ, ತಡವಾಗಿ ಇನ್ನೊಮ್ಮೆ ಸಿಂಪಡಿಸುತ್ತದೆ. ಈ ಎರಡನೆಯ ವಿಧಾನದಲ್ಲಿ ಸ್ವಲ್ಪ ಡೀಸೆಲ್ ಸಿಲಿಂಡರ್ ಗೋಡೆಗೆ ತಾಗಿ, ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ. ದೂರದ ಓಡಾಟದಲ್ಲಿ ಆಯಿಲ್ ಕಾದು ಅದರಲ್ಲಿ ಒಂದು ಪಾಲು ಆವಿಯಾಗುತ್ತದೆ. ಅಕ್ಕಿ ಗಿರಣಿಯಿಂದ ಯಾರ್ಡಿಗೆ ಓಡುವಂಥ ಸಣ್ಣ ಟ್ರಿಪ್‌ಗಳಲ್ಲಿ ಉಳಿದುಬಿಡುತ್ತದೆ. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ತಿನ್ನುತ್ತದೆ, ಮಟ್ಟ ಬಹಳ ಏರಿದರೆ ಎಂಜಿನ್ ಆಯಿಲ್ಲನ್ನೇ ಎಳೆದುಕೊಂಡು ಹಿಡಿತ ತಪ್ಪಿ ಓಡುವ ಅಪಾಯವೂ ಇದೆ. ಮೇಲಿನ ಗೆರೆ ದಾಟಿದ್ದರೆ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಿ, ರೀಜನರೇಷನ್ ಏಕೆ ಅಡಿಗಡಿಗೆ ಆಗುತ್ತಿದೆ ಎಂದು ಮೇಲೆ ಹೇಳಿದಂತೆ ಹುಡುಕಿಸಿ. ಹೈಪ್ರೆಷರ್ ಪಂಪ್ ಅಥವಾ ಇಂಜೆಕ್ಟರ್ ಸೀಲ್ ಸೋರಿದರೂ ಇದೇ ಲಕ್ಷಣ ಕಾಣುತ್ತದೆ, ಕೂಲೆಂಟ್ ಬೆರೆತರೂ ಮಟ್ಟ ಏರುತ್ತದೆ. ಆದ್ದರಿಂದ ಆಯಿಲ್ ವಾಸನೆ ನೋಡಿ, ಬಣ್ಣ ಹಾಲಿನಂತಾಗಿದೆಯೇ ಗಮನಿಸಿ.

ಪ್ರಶ್ನೆ: ರೀಜನರೇಷನ್ ಮುಗಿದರೂ ಮೈಲೇಜ್ ಮೊದಲಿನಂತೆ ಬರುತ್ತಿಲ್ಲ. ಫಿಲ್ಟರ್ ಬಿಚ್ಚಿ ಪ್ರೆಷರ್ ನೀರಿನಲ್ಲಿ ತೊಳೆಸಬಹುದೇ?
— ಬೆಳಗಾವಿಯ ಓದುಗರು

ಉತ್ತರ: ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತು ಮೊದಲಾದ ಲೋಹಗಳು ಆಯಿಲ್ ಉರಿದಾಗ ಬೂದಿಯಾಗಿ ಫಿಲ್ಟರ್‌ನ ಕೊಳವೆಗಳ ತುದಿಯಲ್ಲಿ ಗಟ್ಟಿಯಾಗಿ ಕೂರುತ್ತವೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಗಾಡಿಯಲ್ಲಿ ಮಸಿಗೆ ಉಳಿಯುವ ಜಾಗ ಕಿರಿದಾಗುತ್ತಾ ಹೋಗಿ, ರೀಜನರೇಷನ್ ನಡುವಿನ ಅಂತರ ಕುಗ್ಗುತ್ತದೆ. ಎಂಜಿನ್ ಸದಾ ಹಿಂದೊತ್ತಡದ ವಿರುದ್ಧ ಹೊಗೆ ತಳ್ಳಬೇಕಾದ್ದರಿಂದ ಮೈಲೇಜ್ ಕೂಡ ಇಳಿಯುತ್ತದೆ. ಪೂರ್ಣ ರೀಜನರೇಷನ್ ಆದ ಕೂಡಲೇ ಸ್ಕ್ಯಾನರ್‌ನಲ್ಲಿ ಒತ್ತಡದ ವ್ಯತ್ಯಾಸ ನೋಡಿಸಿದಾಗ ಅದು ಇಳಿಯದೇ ಇದ್ದರೆ ಬೂದಿಯ ಗುಮಾನಿ ಬಲವಾಗುತ್ತದೆ.

ವಾಹನ ತೊಳೆಯುವ ಪ್ರೆಷರ್ ಗನ್ ಮಾತ್ರ ಬೇಡ. ಒಳಗಿನ ಪಿಂಗಾಣಿ ಗೋಡೆಗಳು ತೆಳುವಾಗಿದ್ದು ಒಡೆಯಬಹುದು, ಮೇಲಿನ ಕ್ಯಾಟಲಿಸ್ಟ್ ಲೇಪ ಹಾಳಾಗಬಹುದು, ಒದ್ದೆಯಾದ ಬೂದಿ ಒಣಗಿ ಗಾರೆಯಂತೆ ಹಿಡಿದುಕೊಳ್ಳಬಹುದು. ಫಿಲ್ಟರ್ ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ, ಹಿಂಬದಿಯಿಂದ ಗಾಳಿ ಊದಿ ಬೂದಿ ತೆಗೆಯುವ ಯಂತ್ರವಿರುವಲ್ಲಿ ಮಾಡಿಸಿ. ತೆಗೆಯುವ ಮೊದಲು ಮತ್ತು ನಂತರ ಫಿಲ್ಟರ್‌ನ ತೂಕ ಬರೆದು ಕೊಡುವಂತೆ ಕೇಳಿ. ಜೋಡಿಸುವಾಗ ಗ್ಯಾಸ್ಕೆಟ್ ಹೊಸದಿರಲಿ. ಆಯಿಲ್ ಹಾಕಿಸುವಾಗ ನಿಮ್ಮ ಗಾಡಿಯ ಕೈಪಿಡಿ ಹೇಳುವ, ಕಡಿಮೆ ಬೂದಿಯ ಸಿಕೆ-4 ದರ್ಜೆಯಂಥದ್ದನ್ನೇ ಕೇಳಿ ಪಡೆಯಿರಿ; ಹಳೆಯ ಬಿಎಸ್3 ಗಾಡಿಗೆಂದು ಶೆಡ್‌ನಲ್ಲಿಟ್ಟಿರುವ ಡ್ರಮ್ಮಿನಿಂದ ಕ್ಲೀನರ್ ಒಂದೆರಡು ಲೀಟರ್ ಟಾಪ್‌ಅಪ್ ಮಾಡುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ.