ಮೊದಲು ಅವರ ಮೇಜು ಮುಂದಕ್ಕೆ ತನ್ನಿ

ಕೃಷಿ ಪತ್ತಿನ ಸಹಕಾರ ಸಂಘವೊಂದರ ಯುವ ಕಾರ್ಯದರ್ಶಿಯ ಪತ್ರ ಓದಿ ಸಂಕಟವಾಯಿತು, ಸಿಟ್ಟೂ ಬಂತು.

ವಿಷಯ ಇಷ್ಟು. ಸಂಘದ ಲೆಕ್ಕವೆಲ್ಲ ಕಂಪ್ಯೂಟರ್‌ಗೆ ಹೋಗಬೇಕು. ಮೂವತ್ತು ವರ್ಷದಿಂದ ಲೆಡ್ಜರ್ ಬರೆದ ಹಿರಿಯ ಗುಮಾಸ್ತರು ಕೈಜೋಡಿಸುತ್ತಿಲ್ಲ. ಹಳೇ ಬಾಕಿ ಕೇಳಿದರೆ ‘ಪುಸ್ತಕದಲ್ಲಿದೆ, ನೋಡ್ಕೊಳ್ಳಿ’ ಅಂತಾರೆ. ಉಳಿದ ನೌಕರರು ಅವರ ಮುಖ ನೋಡಿಕೊಂಡು ಸುಮ್ಮನಿದ್ದಾರೆ. ‘ನೋಟಿಸ್ ಕೊಡಲೇ, ನಿವೃತ್ತಿಯವರೆಗೆ ಕಾಯಲೇ?’ ಎಂದು ಕೇಳಿದ್ದೀರಿ.

ನಡುವೆ ಇನ್ನೊಂದು ಸಾಲಿದೆ: ‘ಕಂಪ್ಯೂಟರ್ ಇಡಲು ಜಾಗ ಸಾಲದೆ ಅವರ ಮೇಜನ್ನು ಗೊಬ್ಬರದ ಗೋದಾಮಿನ ಪಕ್ಕದ ಕೋಣೆಗೆ ಹಾಕಿದೆವು.’ ಅಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಅದನ್ನು ದಾಟಿ ಹೋಗಲು ಆಗಲಿಲ್ಲ.

ಊರಿನವರು ಸಾಲಕ್ಕೆ, ಬೀಜಕ್ಕೆ ಬಂದಾಗ ಮೊದಲು ಮಾತಾಡಿಸುತ್ತಿದ್ದ ಮನುಷ್ಯ ಈಗ ಯೂರಿಯಾ ವಾಸನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾರೆ. ಅವರನ್ನು ಕೇಳಿ ಮೇಜು ಎತ್ತಿದಿರಾ? ಪತ್ರದಲ್ಲಿ ಅದಿಲ್ಲ. ಈ ಅಂಕಣದಲ್ಲಿ ನಾನು ಪದೇ ಪದೇ ಹೇಳುತ್ತೇನೆ, ಕೆಲಸದ ಕಡೆ ಮನುಷ್ಯನ ಮರ್ಯಾದೆ ಅವನು ಕೂರುವ ಜಾಗದಲ್ಲಿದೆ. ಜಾಗ ಕಿತ್ತುಕೊಂಡು ಸಹಕಾರ ಕೇಳಿದರೆ ಯಾರೂ ಕೊಡುವುದಿಲ್ಲ.

ನಿಮಗಿಂತ ಹೆಚ್ಚು ತಪ್ಪು ನಿಮ್ಮ ಅಧ್ಯಕ್ಷರದು. ಮಹಾಸಭೆಯಲ್ಲಿ ಮೈಕ್ ಹಿಡಿದು ‘ಇನ್ನು ಹಳೇ ಪುಸ್ತಕ ಗುಜರಿಗೆ’ ಅಂದರಂತೆ, ಜನ ನಕ್ಕರಂತೆ. ಆ ಪುಸ್ತಕ ಬರೆದವರು ಅಲ್ಲೇ ಕೂತಿದ್ದರಲ್ಲ!

ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಇಂಥ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಂತ್ರ, ಸಾಫ್ಟ್‌ವೇರ್, ತರಬೇತಿ ಅದರಲ್ಲಿ ಬರುತ್ತವೆ. ಆದರೆ ಹಳೆಯ ಲೆಕ್ಕ ಸರಿಯಾಗಿ ಒಳಗೆ ಹೋಗುವುದು ಅದನ್ನು ಬಲ್ಲವರಿಂದ ಮಾತ್ರ. ನೀವೇ ಬರೆದಿದ್ದೀರಿ, ಲೆಡ್ಜರಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ಕೆರೆ ಮೇಲಿನವರು’, ‘ಹೊಸಮನೆ’ ಎಂದೆಲ್ಲ ಗುರುತುಗಳಿವೆ, ಅರ್ಥವಾಗುವುದಿಲ್ಲ ಎಂದು. ನನ್ನ ಊಹೆ, ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಆಗಿರುವ ಇಬ್ಬರು ಸದಸ್ಯರನ್ನು ಬೇರೆ ಮಾಡಲು ಅವರು ಇಟ್ಟುಕೊಂಡ ದಾರಿ ಅದು. ಒಬ್ಬರ ಬಾಕಿ ಇನ್ನೊಬ್ಬರ ಖಾತೆಗೆ ಬಿದ್ದರೆ ಏನಾಗುತ್ತದೆ ಯೋಚಿಸಿ. ನಮ್ಮಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲ ಐದು ಲಕ್ಷದವರೆಗಿದೆ, ಗಡುವು ತಪ್ಪಿದವರಿಗೆ ಆ ಸೌಲಭ್ಯವಿಲ್ಲ. ಸಾಲ ಕಟ್ಟಿದ ರೈತನೇ ಸುಸ್ತಿದಾರ ಆಗಿಬಿಡುತ್ತಾನೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನಾಡಿನ ಮೊದಲ ಸಹಕಾರ ಸಂಘ ಕಟ್ಟಿದ ಕಾಲದಿಂದ ಈ ಸಂಘಗಳು ನಡೆದಿರುವುದೇ ಊರಿನವರನ್ನು ಮುಖತಃ ಬಲ್ಲವರಿಂದ.

ಮೇಲಿನಿಂದ ನಿಮ್ಮ ಮೇಲೆ ಎಷ್ಟು ಒತ್ತಡವಿದೆಯೋ ಬಲ್ಲೆ. ಆದರೂ ನೋಟಿಸ್ ಬೇಡ, ಕಾಯುವುದೂ ಬೇಡ. ಸೋಮವಾರ ಬಾಗಿಲು ತೆಗೆಯುವ ಮೊದಲು ನೀವೇ ಒಂದು ಕಡೆ ಹಿಡಿದು ಅವರ ಮೇಜನ್ನು ಕೌಂಟರಿಗೆ ತನ್ನಿ, ಕಂಪ್ಯೂಟರಿನ ಪಕ್ಕಕ್ಕೆ. ಹುಡುಗರು ಟೈಪ್ ಮಾಡಲಿ. ಪ್ರತಿ ಸದಸ್ಯರ ಆರಂಭದ ಬಾಕಿಗೂ ಗುಮಾಸ್ತರು ಪುಸ್ತಕ ನೋಡಿ ಸಹಿ ಹಾಕಿದ ಮೇಲೆಯೇ ಅದು ಒಳಗೆ ಹೋಗಲಿ.

ಅಧ್ಯಕ್ಷರು ತಕರಾರು ತೆಗೆದರೆ, ಆಡಿಟ್‌ನವರು ಕೇಳಿದಾಗ ಈ ಸಹಿಯೇ ನಿಮ್ಮನ್ನು ಕಾಯುವುದು ಎಂದು ನೇರವಾಗಿ ಹೇಳಿ.