ರಾಬರ್ಟ್ ಲಾ ಫಾಲೆಟ್ ವಿಸ್ಕಾನ್ಸಿನ್‌ನಲ್ಲಿ ಅಷ್ಟು ದೊಡ್ಡ ನಾಯಕ ಆಗಿದ್ದು ಹೇಗೆ?

ಟಿಕೆಟ್ ಯಾರಿಗೆ ಅನ್ನುವ ತೀರ್ಮಾನವನ್ನು ಪಕ್ಷದ ಮುಖಂಡರ ಕೈಯಿಂದ ಕಿತ್ತು ಮತದಾರರಿಗೆ ಕೊಟ್ಟಿದ್ದರಿಂದ. ಅಮೆರಿಕದ ಈ ರಾಜ್ಯದಲ್ಲಿ ಆಗ ರಿಪಬ್ಲಿಕನ್ ಟಿಕೆಟ್ ಸಿಕ್ಕರೆ ಹೆಚ್ಚುಕಡಿಮೆ ಗೆದ್ದ ಹಾಗೇ ಲೆಕ್ಕ. ಅದನ್ನು ಹಂಚುತ್ತಿದ್ದುದು ಪಕ್ಷದ ಸಮಾವೇಶ. ಅಲ್ಲಿ ರೈಲ್ವೆ ಮತ್ತು ಮರದ ವ್ಯಾಪಾರದ ಕುಳಗಳ ಮಾತು ಜಾಸ್ತಿ ನಡೆಯುತ್ತಿತ್ತು. 1896 ಮತ್ತು 1898ರಲ್ಲಿ ಲಾ ಫಾಲೆಟ್ ಸೋತಿದ್ದು ಅಲ್ಲೇ, ಜನರ ಮುಂದೆ ಅಲ್ಲ.

1901ರಲ್ಲಿ ಅವರು ಗವರ್ನರ್ ಆದರು. ಅಲ್ಲಿ ಅದು ಜನರೇ ಆರಿಸುವ ಹುದ್ದೆ, ನಮ್ಮ ಮುಖ್ಯಮಂತ್ರಿಯಷ್ಟು ತೂಕದ್ದು. ಆದರೆ ಅವರ ಮಸೂದೆಗಳಿಗೆ ಸ್ವಂತ ಪಕ್ಷದ ಶಾಸಕರೇ ಅಡ್ಡ ನಿಂತರು. ಆಗ ಅವರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಆ ಶಾಸಕರ ಊರಿಗೇ ಹೋದರು. ವೇದಿಕೆ ಹತ್ತಿ, ಯಾವ ಮಸೂದೆಗೆ ನಿಮ್ಮ ಶಾಸಕ ಹೇಗೆ ಮತ ಹಾಕಿದ ಅಂತ ದಾಖಲೆಯನ್ನೇ ಓದಿ ಹೇಳಿದರು. ಓಟು ಹಾಕಿದವರ ಎದುರೇ ಲೆಕ್ಕ ಬಿಚ್ಚಿಟ್ಟರೆ ತಪ್ಪಿಸಿಕೊಳ್ಳೋದು ಕಷ್ಟ, ಅಲ್ವಾ?

ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಕಾನೂನಿಗೆ 1904ರಲ್ಲಿ ಜನ ಒಪ್ಪಿಗೆ ಕೊಟ್ಟರು. ಮರುವರ್ಷ ರೈಲು ದರಗಳ ಮೇಲೆ ಕಣ್ಣಿಡಲು ಆಯೋಗ ಬಂತು. 1906ರಿಂದ 1925ರಲ್ಲಿ ತೀರಿಕೊಳ್ಳುವವರೆಗೂ ಸೆನೆಟರ್ ಆಗಿದ್ದರು. 1924ರಲ್ಲಿ ಎರಡೂ ದೊಡ್ಡ ಪಕ್ಷಗಳ ವಿರುದ್ಧ ಅಧ್ಯಕ್ಷ ಹುದ್ದೆಗೆ ನಿಂತಾಗ ಅವರು ಗೆದ್ದ ಒಂದೇ ರಾಜ್ಯ ವಿಸ್ಕಾನ್ಸಿನ್.