ಮೊದಲ ಬಿಲ್ಲು ಎಷ್ಟು ಪೌಂಡಿನದ್ದಿರಲಿ?

ಪ್ರಶ್ನೆ: ನನಗೆ 15 ವರ್ಷ. ಬೇಟೆಗೆ ಆಗುವಂಥ 40 ಪೌಂಡಿನ ಬಿಲ್ಲು ತಗೊಳ್ಳಲಾ? – ಓದುಗ, ಉಡುಪಿ

ಉತ್ತರ: ಬೇಡ ತಮ್ಮಾ. ಮೊದಲು ಬೇಟೆಯ ಆಸೆ ಬಿಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ, ತೋಟಕ್ಕೆ ನುಗ್ಗುವ ಕಾಡುಹಂದಿ ಮೇಲೂ ನೀನಾಗಿ ಬಾಣ ಬಿಡುವಂತಿಲ್ಲ. ಗುರಿಹಲಗೆಗೆ ಹೊಡೆಯುವ ಖುಷಿ ಏನೂ ಕಡಿಮೆಯಲ್ಲ. ಇನ್ನು 40 ಪೌಂಡ್ (ಇದು ಬಿಲ್ಲಿನ ತೂಕವಲ್ಲ, ಹೆದೆ ಎಳೆಯಲು ಬೇಕಾದ ಬಲ) ನಿನಗೆ ತುಂಬಾ ಜಾಸ್ತಿ. ಎಳೆಯುವಾಗ ಭುಜ ನಡುಗುತ್ತದೆ, ಗುರಿ ನಿಲ್ಲುವ ಮೊದಲೇ ಬೆರಳು ಹೆದೆಯನ್ನು ಬಿಟ್ಟುಬಿಡುತ್ತದೆ, ಆ ಕೆಟ್ಟ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಬಿಡಿಸೋದು ಬಹಳ ಕಷ್ಟ. 20 ಪೌಂಡಿನ ಆಸುಪಾಸಿನ, ಬಿಚ್ಚಿ ಜೋಡಿಸುವಂಥ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವಂಥದ್ದು) ತಗೋ. ಬಲ ಬಂದ ಹಾಗೆ ಲಿಂಬ್ (ಹಿಡಿಯ ಮೇಲೆ, ಕೆಳಗೆ ಇರುವ ಬಾಗುವ ತೋಳು) ಮಾತ್ರ ಬದಲಿಸಿದರಾಯ್ತು. ಬಾಣ ಹೂಡದೆ ಹೆದೆ ಎಳೆದು ಸುಮ್ನೆ ಬಿಡಬೇಡ, ಲಿಂಬ್ ಸೀಳಬಹುದು.